ಕಣ್ಣು ಉಬ್ಬಿದರೆ ರಕ್ತವನ್ನೂ ತೋರಿಸಿ

ಮಗುವಿನ ಕಣ್ಣು ಊದಿದರೆ ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆಯ ಮನೆಗಳಲ್ಲಿ ಮೊದಲು ಬರುವ ಮಾತು, 'ಕಣ್ಣು ಬಂದಾವ, ನಾಕು ದಿನಕ್ಕ ಕಮ್ಮಿ ಆಗ್ತಾವ.' ಬಹಳ ಸಲ ಅದು ನಿಜವೂ ಹೌದು. ಆದರೆ ಕಣ್ಣುಗುಡ್ಡೆಯೇ ಮುಂದಕ್ಕೆ ಬಂದು, ದಿನದಿಂದ ದಿನಕ್ಕೆ ಉಬ್ಬು ಹೆಚ್ಚುತ್ತಿದ್ದರೆ ತಾಯಿತ ಕಟ್ಟಿ, ಅಂಗಡಿಯ ಡ್ರಾಪ್ಸ್ ಹಾಕಿ ಕಾಯುವಂತಿಲ್ಲ.

ಅಪರೂಪಕ್ಕೆ ಅದು ರಕ್ತ ಕ್ಯಾನ್ಸರಿನ ಗಡ್ಡೆ ಆಗಿರಬಹುದು. ಎಲುಬಿನ ಮಜ್ಜೆಯಲ್ಲಿ ಹುಟ್ಟಿದ ರೋಗದ ಕಣಗಳು ಕಣ್ಣಿನ ಗೂಡಿನಲ್ಲಿ ಸೇರಿ ಗಡ್ಡೆ ಕಟ್ಟುತ್ತವೆ. ಕೊಯ್ದಾಗ ಹಸಿರು ಬಣ್ಣ ಕಾಣುವುದುಂಟು. ಅದರಿಂದಲೇ 1853ರಲ್ಲಿ 'ಕ್ಲೋರೋಮಾ' ಎಂಬ ಹೆಸರು ಬಂತು. ಈಗ ವೈದ್ಯರು ಮೈಲಾಯ್ಡ್ ಸಾರ್ಕೋಮಾ ಎನ್ನುತ್ತಾರೆ. ಜ್ವರ, ಸುಸ್ತು, ಮೈ ಬಿಳಿಚುವುದು, ಒಸಡಿನಲ್ಲಿ ರಕ್ತ ಜೊತೆಗಿದ್ದರೆ ಅನುಮಾನ ಬಲವಾಗಬೇಕು. ಇವೊಂದೂ ಇಲ್ಲದೆ, ರಕ್ತದಲ್ಲಿ ರೋಗ ಕಾಣುವ ಮೊದಲೇ ಕಣ್ಣು ಉಬ್ಬುವುದೂ ಇದೆ.

ಪೂರ್ಣ ರಕ್ತಕಣ ಎಣಿಕೆ, ಗಾಜಿನ ಮೇಲೆ ರಕ್ತದ ಲೇಪ ನೋಡುವುದು ದೊಡ್ಡ ಖರ್ಚಿನ ಪರೀಕ್ಷೆಗಳಲ್ಲ. ಅದರಲ್ಲಿ ಏನೂ ಸಿಗದಿದ್ದರೂ ಉಬ್ಬು ಇಳಿಯದಿದ್ದರೆ ಸ್ಕ್ಯಾನ್, ಗಡ್ಡೆಯ ತುಣುಕಿನ ಪರೀಕ್ಷೆ, ಮಜ್ಜೆ ಪರೀಕ್ಷೆ ಬೇಕು. ಈ ರೋಗಕ್ಕೆ ಮುಖ್ಯ ಮದ್ದು ಕೀಮೋಥೆರಪಿ. ಕಣ್ಣು ತೆಗೀತಾರ ಎಂಬ ಹೆದರಿಕೆಯಿಂದ ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳುವುದೇ ದೊಡ್ಡ ಅಪಾಯ.

ಗಡಿ ಭಾಗದವರಿಗೆ ಇನ್ನೊಂದು ತೊಡಕು ಇದೆ. ಮಾತಿನ ಸಲುವಾಗಿ, ಹತ್ತಿರ ಎಂದು ಜನ ಕೃಷ್ಣೆ ದಾಟಿ ರಾಯಚೂರಿಗೆ ಹೋಗುತ್ತಾರೆ. ಮೊದಲ ತಪಾಸಣೆಗೆ ಅದು ಸರಿಯೇ. ಆದರೆ ಕ್ಯಾನ್ಸರ್ ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುವಂಥದ್ದು. ಆರೋಗ್ಯಶ್ರೀ ತೆಲಂಗಾಣದ ಯೋಜನೆ; ಕರ್ನಾಟಕದ್ದು ಬೇರೆ. 2007ರಲ್ಲಿ ಆರೋಗ್ಯಶ್ರೀ ಮೊದಲು ಆರಂಭವಾದ ಮೂರು ಜಿಲ್ಲೆಗಳಲ್ಲಿ ನಮ್ಮ ಅಂದಿನ ಮಹಬೂಬನಗರವೂ ಒಂದು. 2023ರ ಡಿಸೆಂಬರಿನಲ್ಲಿ ಅದರ ಮಿತಿ 10 ಲಕ್ಷ ರೂಪಾಯಿಗೆ ಏರಿತು. ಹೈದರಾಬಾದಿನ ಎಂ.ಎನ್.ಜೆ. ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಇರುವುದೂ ಇಂಥ ಕುಟುಂಬಗಳಿಗಾಗಿಯೇ. ಎಲ್ಲಿಗೆ ಹೋದರೂ ದಾಖಲಾಗುವ ಮುನ್ನ ಕಾರ್ಡು ನಡೆಯುತ್ತದೆಯೇ ಎಂದು ಕೇಳಿಕೊಳ್ಳಬೇಕು.

ಆಶಾ ಕಾರ್ಯಕರ್ತೆಯರು, ಪ್ರಾಥಮಿಕ ಆರೋಗ್ಯ ಕೇಂದ್ರಗಳು ಈ ಮಾತನ್ನು ಕನ್ನಡದ ಮನೆಗಳಿಗೆ ಕನ್ನಡದಲ್ಲಿಯೇ ಮುಟ್ಟಿಸಲಿ. ಊರ ಹಿರಿಯರೂ 'ನಾಕು ದಿನ ನೋಡೋಣು' ಎನ್ನುವ ಬದಲು 'ಇವತ್ತೇ ದವಾಖಾನಿಗೆ ಹೋಗ್ರಿ' ಎನ್ನಲಿ.