ಇಲಿಯ ಹಾರ್ಮೋನು ತೋರಿಸಿ ಗಂಡಸಿಗೆ ಮಾರುವ ಪುಡಿ

2025ರ ನವೆಂಬರಿನಲ್ಲಿ ಬೆಂಗಳೂರಿನ ಜ್ಞಾನಭಾರತಿ ಠಾಣೆಗೆ ಯುವ ಟೆಕ್ಕಿಯೊಬ್ಬರ ದೂರು ಬಂತು. ಲೈಂಗಿಕ ಸಮಸ್ಯೆಗೆ ಮದ್ದು ಹುಡುಕುತ್ತಿದ್ದ ಅವರು ರಸ್ತೆಬದಿಯ ಟೆಂಟಿನ ‘ಗುರೂಜಿ’ಯನ್ನು ನಂಬಿ ಸುಮಾರು 48 ಲಕ್ಷ ರೂಪಾಯಿ ಕಳೆದುಕೊಂಡಿದ್ದರು. ಮದ್ದಿನಿಂದ ಮೂತ್ರಪಿಂಡವೂ ಕೆಟ್ಟಿತೆಂಬುದು ಅವರ ಆರೋಪ. ಟೆಂಟಿನವನ ಮೇಲೆ ಪೊಲೀಸರು ಕ್ರಮ ಕೈಗೊಂಡರು. ಅದೇ ಆಸೆಯನ್ನು ಪರವಾನಗಿ ಪಡೆದು, ಚೆಂದದ ಡಬ್ಬಿಯಲ್ಲಿ ಮಾರುವವರನ್ನು ಕೇಳುವವರು ಯಾರು?

ಕಾಟನ್‌ಪೇಟೆ, ಚಿಕ್ಕಪೇಟೆಯ ಗ್ರಂಥಿಗೆ ಅಂಗಡಿಗಳಲ್ಲಿ ಅಶ್ವಗಂಧದ ಬೇರು, ನೆಗ್ಗಿಲು ಮುಳ್ಳು, ನಸುಗುನ್ನಿ ಬೀಜ ತಲೆಮಾರುಗಳಿಂದ ಸಿಗುತ್ತಿವೆ. ತೂಕ ಹಾಕಿ ಪೊಟ್ಟಣ ಕಟ್ಟಿಕೊಡುವ ಅಂಗಡಿಯವರ ಮೇಲೆ ಈ ಲೇಖನದ ತಕರಾರಿಲ್ಲ. ತಕರಾರು ಇರುವುದು ಅದೇ ಬೇರನ್ನು ಕ್ಯಾಪ್ಸೂಲಿಗೆ ತುಂಬಿ, ‘ಟೆಸ್ಟೋಸ್ಟೆರಾನ್ ಹೆಚ್ಚಿಸುತ್ತದೆ, ವೈಜ್ಞಾನಿಕವಾಗಿ ಸಾಬೀತಾಗಿದೆ’ ಎಂದು ಬರೆಯುವ ಕಂಪನಿಗಳ ಮೇಲೆ. ಆ ಸಾಬೀತಿನ ಬುಡ ಹುಡುಕಿಕೊಂಡು ಹೋದರೆ ಎಷ್ಟೋ ಸಲ ಸಿಗುವುದು ಪಂಜರದ ಇಲಿ.

ನೆಗ್ಗಿಲನ್ನೇ ನೋಡಿ. ಸಿಂಗಪುರದ ಸಂಶೋಧಕರು ಅದರ ಸಾರವನ್ನು ಇಲಿಗಳಿಗೆ ಕೊಟ್ಟಾಗ ಅವುಗಳ ಲೈಂಗಿಕ ಚಟುವಟಿಕೆ ಚುರುಕಾಯಿತೆಂದು 2002ರಲ್ಲಿ ವರದಿಯಾಯಿತು. ಜಾಹೀರಾತಿಗೆ ಅಷ್ಟು ಸಾಕಾಯಿತು. 2005ರಲ್ಲಿ ಬಲ್ಗೇರಿಯಾದಲ್ಲಿ 21 ಯುವಕರ ಮೇಲೆ ನಾಲ್ಕು ವಾರ ಪರೀಕ್ಷೆ ನಡೆಯಿತು, ಟೆಸ್ಟೋಸ್ಟೆರಾನ್ ಏರಲಿಲ್ಲ. 2007ರಲ್ಲಿ ಆಸ್ಟ್ರೇಲಿಯಾದ ರಗ್ಬಿ ಆಟಗಾರರಲ್ಲೂ ಅದೇ ಫಲಿತಾಂಶ. ಇದನ್ನು ಯಾವ ಡಬ್ಬಿ ಹೇಳುತ್ತದೆ?

ಇಲಿಯ ಸಾಕ್ಷ್ಯ ಬೇಕೆಂದಾದರೆ ಪೂರ್ತಿ ಕೇಳಬೇಕು. ಶ್ರೀಲಂಕಾದಲ್ಲಿ ಗಂಡು ಇಲಿಗಳಿಗೆ ಕಿಲೋಗೆ 3,000 ಮಿಲಿಗ್ರಾಂ ಲೆಕ್ಕದಲ್ಲಿ ಏಳು ದಿನ ಅಶ್ವಗಂಧದ ಸಾರ ಕೊಟ್ಟಾಗ ಅವುಗಳ ಲೈಂಗಿಕ ಆಸಕ್ತಿ ಕುಗ್ಗಿತು. ಅಶ್ವಗಂಧಕ್ಕೆ ಮನುಷ್ಯರ ಮೇಲಿನ ಪರೀಕ್ಷೆಗಳ ಬಲವೂ ಒಂದಿಷ್ಟಿದೆ, ಅದನ್ನು ಮರೆಮಾಚಬೇಕಿಲ್ಲ: 2013ರಲ್ಲಿ ವೀರ್ಯಾಣು ಕಡಿಮೆಯಿದ್ದ 46 ಪುರುಷರ ಅಧ್ಯಯನದಲ್ಲಿ ಟೆಸ್ಟೋಸ್ಟೆರಾನ್ ಶೇ 17ರಷ್ಟು ಏರಿತ್ತು. ಆದರೆ 46 ರೋಗಿಗಳ ಫಲಿತಾಂಶವನ್ನು ಆರೋಗ್ಯವಂತ ಹುಡುಗರಿಗೆಲ್ಲ ಹಂಚಲಾಗದು. ಇನ್ನು ಡೆನ್ಮಾರ್ಕ್, ಥೈರಾಯ್ಡ್ ಮತ್ತು ಲೈಂಗಿಕ ಹಾರ್ಮೋನುಗಳ ಮೇಲಿನ ಪರಿಣಾಮಕ್ಕೆ ಅಂಜಿ, 2023ರಲ್ಲಿ ಅಶ್ವಗಂಧವನ್ನು ಆಹಾರಪೂರಕಗಳಲ್ಲಿ ನಿಷೇಧಿಸಿತು.

ಹಿಂದೆ ಅರಳೆಪೇಟೆ ಎನಿಸಿದ್ದ ಕಾಟನ್‌ಪೇಟೆಯವರಿಗೆ ಹತ್ತಿಬೀಜದ ಕಥೆ ವಿಶೇಷವಾಗಿ ಗೊತ್ತಿರಬೇಕು. ಚೀನಾದ ಕೆಲವು ಹಳ್ಳಿಗಳಲ್ಲಿ ಶುದ್ಧೀಕರಿಸದ ಹತ್ತಿಬೀಜದ ಎಣ್ಣೆ ಬಳಸಿದ ಗಂಡಸರಿಗೆ ಮಕ್ಕಳಾಗಲಿಲ್ಲ. ಕಾರಣ ಗಾಸಿಪಾಲ್ ಎಂಬ ಸಸ್ಯರಾಸಾಯನಿಕ. ಪ್ರಯೋಗಾಲಯದಲ್ಲಿ ಹ್ಯಾಮ್‌ಸ್ಟರ್, ಇಲಿಗಳ ಸಂತಾನಶಕ್ತಿ ಅದರಿಂದ ಕುಂದಿತು, ಮೊಲಕ್ಕೆ ಏನೂ ಆಗಲಿಲ್ಲ. 1970ರ ದಶಕದಲ್ಲಿ ಸಾವಿರಾರು ಪುರುಷರಿಗೆ ಗರ್ಭನಿರೋಧಕವಾಗಿ ಕೊಟ್ಟು ನೋಡಿದರು. ಕೆಲವರ ರಕ್ತದಲ್ಲಿ ಪೊಟ್ಯಾಸಿಯಂ ಕುಸಿಯಿತು, ಕೆಲವರಿಗೆ ವೀರ್ಯಾಣು ಮರಳಿ ಬರಲೇ ಇಲ್ಲ. ಯೋಜನೆ ನಿಂತಿತು. ಮೊಲವೊಂದನ್ನೇ ನಂಬಿದ್ದರೆ ಗಾಸಿಪಾಲ್ ನಿರಪಾಯ ಎನಿಸುತ್ತಿತ್ತು.

ಪ್ರಮಾಣದ ಮಾತೂ ಇದೆ. ಇಲಿಗೆ ಕಿಲೋಗೆ 300 ಮಿಲಿಗ್ರಾಂ ಕೊಟ್ಟರೆ, ಮನುಷ್ಯನಿಗೆ ಸಮನಾದ ಪ್ರಮಾಣ ತಿಳಿಯಲು ವಾಡಿಕೆಯ ಲೆಕ್ಕದಲ್ಲಿ ಅದನ್ನು ಸುಮಾರು ಆರರಿಂದ ಭಾಗಿಸಬೇಕು. ಆದರೂ 60 ಕಿಲೋ ತೂಗುವವನು ದಿನಕ್ಕೆ ಸುಮಾರು ಮೂರು ಗ್ರಾಂ ಸಾರ ನುಂಗಬೇಕಾಗುತ್ತದೆ.

ಸಾವಿರಾರು ವರ್ಷದ ಪರಂಪರೆಗೆ ಪರೀಕ್ಷೆ ಏಕೆ ಎಂದು ಕೇಳುವವರಿದ್ದಾರೆ. ಲೈಂಗಿಕ ಶಕ್ತಿಗೆ ಸಂಬಂಧಿಸಿದ ವಾಜೀಕರಣ ಆಯುರ್ವೇದದ ಎಂಟು ಅಂಗಗಳಲ್ಲಿ ಒಂದು, ನಿಜ. ಆದರೆ ಅದು ವೈದ್ಯ ರೋಗಿಯ ದೇಹಪ್ರಕೃತಿ ನೋಡಿ ಕೊಡುವ ಚಿಕಿತ್ಸೆ. ಟೆಸ್ಟೋಸ್ಟೆರಾನನ್ನು ಮೊದಲು ಪ್ರತ್ಯೇಕಿಸಿದ್ದು 1935ರಲ್ಲಿ. ಚರಕನ ಹೆಸರು ಹೇಳಿ ಅದರ ಅಂಕಿ ಏರುತ್ತದೆಂದು ಮಾರುವುದು ಆಯುರ್ವೇದಕ್ಕೂ ಅವಮಾನ. ಇಲಿಯಿಂದ ಮನುಷ್ಯನವರೆಗಿನ ದಾರಿ ನಡೆಯಬಲ್ಲವರು ಈ ಊರಲ್ಲೇ ಇದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ಎನ್.ಆರ್. ಮೌದ್ಗಲ್ ಅವರ ತಂಡ ಸಂತಾನೋತ್ಪತ್ತಿ ಹಾರ್ಮೋನಿನ ವಿರುದ್ಧದ ಲಸಿಕೆಯನ್ನು ವರ್ಷಗಟ್ಟಲೆ ಮಂಗಗಳಲ್ಲಿ ಪರೀಕ್ಷಿಸಿತು. ಆಮೇಲೆ 1997ರಲ್ಲಿ ಐವರು ಸ್ವಯಂಸೇವಕರ ಫಲಿತಾಂಶ ಪ್ರಕಟಿಸಿತು, ಅದೂ ಪ್ರಾಥಮಿಕ ಅಧ್ಯಯನವೆಂದೇ.

ಕಾನೂನು ಬಿಗಿಯಾಗುವ ಬದಲು ಸಡಿಲವಾಗಿದೆ. ಲೈಂಗಿಕ ಶಕ್ತಿ ಹೆಚ್ಚಿಸುವ ಔಷಧಗಳ ಜಾಹೀರಾತನ್ನು 1954ರ ಕಾಯ್ದೆ ನಿಷೇಧಿಸುತ್ತದೆ. ಆದರೆ ಆಯುಷ್ ಜಾಹೀರಾತುಗಳಿಗೆ ಪೂರ್ವಾನುಮತಿ ಕಡ್ಡಾಯ ಮಾಡಿದ್ದ, ಔಷಧ ನಿಯಮಾವಳಿಯ 170ನೇ ನಿಯಮವನ್ನು ಕೇಂದ್ರ 2024ರ ಜುಲೈ 1ರಂದು ಕೈಬಿಟ್ಟಿತು. ಸುಪ್ರೀಂ ಕೋರ್ಟ್ ಆಗಸ್ಟಿನಲ್ಲಿ ತಡೆ ನೀಡಿತ್ತು, 2025ರ ಆಗಸ್ಟಿನಲ್ಲಿ ಪ್ರಕರಣ ಮುಗಿದು ತಡೆಯೂ ತೆರವಾಯಿತು.

ಹೀಗಿರುವಾಗ ರಾಜ್ಯ ಸರ್ಕಾರ ಕೈಕಟ್ಟಿ ಕೂರಬಾರದು. 1954ರ ಕಾಯ್ದೆ ಇನ್ನೂ ಜಾರಿಯಲ್ಲಿದೆ, ಬಳಸಬೇಕು. ಹಾರ್ಮೋನಿನ ಹೆಸರೆತ್ತುವ ಪ್ರತಿ ಡಬ್ಬಿಯ ಮೇಲೂ ಪರೀಕ್ಷೆ ನಡೆದದ್ದು ಇಲಿಯ ಮೇಲೋ ಮನುಷ್ಯನ ಮೇಲೋ, ಎಷ್ಟು ಜನರ ಮೇಲೆ ಎಂದು ಕನ್ನಡದಲ್ಲಿ ಅಚ್ಚಾಗಬೇಕು. ಸಂಕೋಚದಿಂದ ಟೆಂಟಿನ ಮುಂದೆ ನಿಲ್ಲುವ ಯುವಕರಿಗೊಂದು ಮಾತು: ಕಾಟನ್‌ಪೇಟೆಗೆ ಹತ್ತಿರದ ಧನ್ವಂತರಿ ರಸ್ತೆಯಲ್ಲಿ ಸರ್ಕಾರಿ ಆಯುರ್ವೇದ ಆಸ್ಪತ್ರೆಯಿದೆ, ಅತ್ತ ವಿಕ್ಟೋರಿಯಾ ಆಸ್ಪತ್ರೆಯಿದೆ. ಎಲ್ಲಿಗಾದರೂ ಹೋಗಿ, ಮೊದಲು ನಿಮ್ಮ ರಕ್ತಪರೀಕ್ಷೆ ಮಾಡಿಸಿಕೊಳ್ಳಿ.