ಮಿಲ್ಟ್ರಿಗೆ ಹೊಂಟ ಹುಡುಗನ ಹಳೇ ಕೇಸು

ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ನಸುಕಿನ ಬಸ್ಸಿಗೆ ಕಲಬುರಗಿಗೆ ಬರುವವರು ನೋಡಿರಬಹುದು. ರಸ್ತೆ ಬಾಜೂಕ ಬನಿಯನ್ ಮೇಲೆ ಓಡುವ ಹುಡುಗರು. ಮಿಲ್ಟ್ರಿ ಭರ್ತಿಯ ತಯಾರಿ ಅದು. 1600 ಮೀಟರ್ ಓಟ ಪಾಸಾದೀತು, ಡಾಕ್ಟರ ತಪಾಸಣೆಯೂ ಪಾಸಾದೀತು. ಕೆಲವರ ಎದೆ ಹೊಡಕೊಳ್ಳುವುದು ಠಾಣೆಯ ಕಾಗದಕ್ಕೆ. ಹದಿನಾರರಲ್ಲಿ ಜಾತ್ರೆಯಲ್ಲಿ ಕೈಗೈ ಹತ್ತಿ ಬಿದ್ದ ಒಂದು ಕೇಸು ಇದ್ದರೆ ಸಾಕು, "ನಿನ್ನ ನೌಕ್ರಿ ಮುಗೀತು ತಮ್ಮಾ" ಅಂತ ಚಹಾದಂಗಡಿಯಲ್ಲೇ ಫೈಸಲಾ ಆಗಿಬಿಡುತ್ತದೆ.

ಖರೇನ ಮುಗೀತೇನು? ಕಾಯ್ದೆ ಹಾಗೆ ಹೇಳುವುದಿಲ್ಲ.

2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಮಿನ ಪ್ರಕಾರ 18 ತುಂಬದವನ ತಪ್ಪು ಸಾಬೀತಾದರೂ ಅದರಿಂದ ಅವನಿಗೆ ಯಾವ ಅನರ್ಹತೆಯೂ ಅಂಟುವುದಿಲ್ಲ; ಅಪೀಲಿನ ಅವಧಿ ಕಳೆದ ಮೇಲೆ ದಾಖಲೆಯನ್ನೇ ನಾಶ ಮಾಡಬೇಕು. ಮುಗಿದ ಕೇಸಿನ ಸಂಗತಿಯನ್ನು ಪೊಲೀಸರು ನಡತೆ ಸರ್ಟಿಫಿಕೇಟಿನಲ್ಲಿ ಬಯಲು ಮಾಡುವಂತಿಲ್ಲ ಎನ್ನುವುದು 74ನೇ ಕಲಮು. 16 ದಾಟಿದವನು ಕೊಲೆಯಂಥ ಘೋರ ಅಪರಾಧದಲ್ಲಿ ಸಿಕ್ಕು, ಮಕ್ಕಳ ನ್ಯಾಯಾಲಯ ಅವನನ್ನು ದೊಡ್ಡವರಂತೆ ವಿಚಾರಿಸಿ ತಪ್ಪಿತಸ್ಥ ಎಂದರೆ ಮಾತ್ರ ಈ ಆಸರೆ ಇಲ್ಲ.

ಅಗ್ನಿವೀರರ ಬಾಗಿಲು ತೆರೆಯುವುದೇ ಹದಿನೇಳೂವರೆ ವಯಸ್ಸಿಗೆ. ಅಂದರೆ ಬಂದೂಕು ಹಿಡಿಯಲು ಅರ್ಜಿ ಹಾಕುವ ಹುಡುಗ ಇನ್ನೂ ಕಾಯ್ದೆಯ ಕಣ್ಣಿನಲ್ಲಿ ಬಾಲಕ! 2022ರಲ್ಲಿ ಯೋಜನೆ ಬಂದಾಗ ಮೇಲಿನ ವಯಸ್ಸು 21 ಎಂದಿದ್ದರು. ಗದ್ದಲವಾದ ಮೇಲೆ ಆ ವರ್ಷದ ಮಟ್ಟಿಗೆ 23 ಮಾಡಿದರು. ಏನೇ ಇರಲಿ, ಹುಡುಗನ ಕೈಯಲ್ಲಿರುವುದು ನಾಲ್ಕಾರು ವರ್ಷ. ಕೋರ್ಟಿನ ತಾರೀಖಿಗೆ ಅದು ಯಾವ ಲೆಕ್ಕ?

ಹಾಗಾದರೆ ತೊಡಕು ಎಲ್ಲಿದೆ? ವಯಸ್ಸು ಬರೆಯುವಲ್ಲಿ. 2016ರ ಮಾದರಿ ನಿಯಮದಂತೆ ಘೋರ ಅಪರಾಧವಲ್ಲದಿದ್ದರೆ ಬಾಲಕನ ಮೇಲೆ ಎಫ್‌ಐಆರ್ ಹಾಕುವುದಿಲ್ಲ, ಠಾಣೆಯ ದಿನಚರಿಯಲ್ಲಿ ಬರೆದರೆ ಸಾಕು. ಆದರೆ ದೊಡ್ಡವರ ಜೋಡಿ ಸಿಕ್ಕಿಬಿದ್ದರೆ ಎಫ್‌ಐಆರ್ ಆಗುತ್ತದೆ. ನಮ್ಮ ಕಡೆ ಹುಡುಗರು ಒಬ್ಬೊಬ್ಬರೇ ಎಲ್ಲಿ ಸಿಗುತ್ತಾರೆ? ಭೀಮಾ ದಂಡೆಯ ಮರಳಿನ ದಂಧೆಯನ್ನೇ ನೋಡಿ. ಟ್ರ್ಯಾಕ್ಟರ್ ಯಾರದೋ, ರೊಕ್ಕ ಯಾರದೋ, ಬುಟ್ಟಿ ತುಂಬಲು ನಿಂತವ ಬಡವರ ಹುಡುಗ. 2023ರ ಜೂನ್‌ನಲ್ಲಿ ಜೇವರ್ಗಿ ತಾಲೂಕಿನ ನೆಲೋಗಿ ಠಾಣೆಯ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಮರಳಿನ ಟ್ರ್ಯಾಕ್ಟರಿಗೆ ಬಲಿಯಾದರು. ಇಂಥ ಕೇಸಿನಲ್ಲಿ ಪೊಲೀಸರು ಸಡಿಲ ಬಿಡಲಿ ಎಂದು ಯಾರೂ ಹೇಳಲಾರರು. ಆದರೆ ಹತ್ತು ಹೆಸರಿನ ನಡುವೆ ಹದಿನೇಳರ ಹುಡುಗನ ಮುಂದೆ, ಮೀಸೆ ನೋಡಿ, "ವಯಸ್ಸು 19" ಎಂದು ಬರೆದುಬಿಟ್ಟರೆ ಅವನು ಕಾಗದದ ಮೇಲೆ ದೊಡ್ಡವನಾದ. ಮೇಲೆ ಹೇಳಿದ ಕಲಮು ಯಾವುವೂ ಅವನ ಹತ್ತಿರ ಸುಳಿಯುವುದಿಲ್ಲ.

ಇದನ್ನು ತಿದ್ದಿಸಬಹುದು. ಬಾಲಕನಿದ್ದೆ ಎಂದು ಯಾವ ಹಂತದಲ್ಲಾದರೂ, ಯಾವ ಕೋರ್ಟಿನಲ್ಲಾದರೂ ಹೇಳಿಕೊಳ್ಳಬಹುದು. ಮೊದಲ ಪುರಾವೆ ಶಾಲೆಯ ಜನ್ಮ ದಿನಾಂಕ ಇಲ್ಲವೇ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟು. (ನಮ್ಮ ಕಡೆ ಎಷ್ಟೋ ಮಂದಿ ಜೂನ್ 1ಕ್ಕೇ ಹುಟ್ಟಿದವರು, ಮಾಸ್ತರರ ಕೃಪೆ! ಆದರೂ ನಡೆಯುವುದು ಅದೇ.)

ಇನ್ನು ಭರ್ತಿ ಫಾರಂ. "ಎಂದಾದರೂ ಬಂಧನವಾಗಿತ್ತೇ, ಕೇಸಿತ್ತೇ?" ಎಂದು ಕೇಳಿರುತ್ತದೆ. ಇಲ್ಲ ಎಂದು ಬರೆದು ಆಮೇಲೆ ಸಿಕ್ಕರೆ? 2016ರಲ್ಲಿ ಸುಪ್ರೀಂ ಕೋರ್ಟು ಅವತಾರ್ ಸಿಂಗ್ ಪ್ರಕರಣದಲ್ಲಿ, ಕೇಳಿದ್ದಕ್ಕೆ ಖರೆ ಬರೆಯಬೇಕು, ಸಣ್ಣ ಕೇಸು ಮುಚ್ಚಿಟ್ಟಿದ್ದರೆ ಮಾಫಿ ಮಾಡುವುದು ನೌಕರಿ ಕೊಡುವವರ ವಿವೇಚನೆ ಎಂದಿತು. ಬಾಲಕನಿದ್ದಾಗಿನ ಕೇಸು ತಿಳಿಸೆಂದು ಒತ್ತಾಯಿಸುವುದೇ ಸಲ್ಲ ಎಂದು 2021ರಲ್ಲಿ ಅಲಹಾಬಾದ್ ಹೈಕೋರ್ಟು ಹೇಳಿದ್ದುಂಟು. ಆದರೆ ಆ ತೀರ್ಪು ಹಿಡಿದು ಭರ್ತಿ ಮೈದಾನದಲ್ಲಿ ವಾದ ಮಾಡಲು ನಮ್ಮ ಹುಡುಗನಿಂದ ಆದೀತೇ? ನನ್ನ ಮಾತು ಕೇಳಿದರೆ, ಇದ್ದದ್ದು ಬರೆದು, 24ನೇ ಕಲಮು ಕಾಣಿಸಿ, ಮಂಡಳಿಯ ಆದೇಶದ ನಕಲು ಲಗತ್ತಿಸುವುದು ವಾಸಿ.

ಮೂರು ವರ್ಷದೊಳಗಿನ ಶಿಕ್ಷೆಯ ಸಣ್ಣ ಕೇಸನ್ನು ಬಾಲನ್ಯಾಯ ಮಂಡಳಿ ನಾಲ್ಕು ತಿಂಗಳಲ್ಲಿ, ಹೆಚ್ಚೆಂದರೆ ಮತ್ತೆರಡು ತಿಂಗಳಲ್ಲಿ ಮುಗಿಸಬೇಕು. ಮುಗಿಯದಿದ್ದರೆ ಅದು ರದ್ದು. ಹೊಲದ ಕೂಲಿ ಬಿಟ್ಟು ತಾರೀಖಿಗೆ ಅಲೆಯುವ ತಂದೆಗೆ ಇದನ್ನು ಹೇಳುವವರು ಕಮ್ಮಿ. ಕೇಸು ಮುಗಿದ ದಿನವೇ ಕಲಬುರಗಿಯಲ್ಲಿ ಆದೇಶದ ನಕಲಿಗೆ ಅರ್ಜಿ ಕೊಡಲಿ. ಕಾಯ್ದೆ ಪ್ರಕಾರ ದಾಖಲೆ ನಾಶವಾದ ಮೇಲೆ ಆ ನಕಲೂ ಸಿಗಲಿಕ್ಕಿಲ್ಲ.