ಫೋನಿನಲ್ಲಿದ್ದರೆ ಸಾಲದು, ಅಜ್ಜಿಯ ಟಿವಿಯಲ್ಲೂ ಬರಬೇಕು

ನಮ್ಮ ಕಡೆ ಜಾತ್ರೆಯಲ್ಲಿ ಶ್ರೀಕೃಷ್ಣ ಪಾರಿಜಾತ ಆಡಿದರೆ ಮುಂದೆ ಕೂತವರ ಕೈಯಲ್ಲೆಲ್ಲ ಫೋನು. ಸುದ್ದಿಗೆಂದು ಹೋದ ನಾವೂ ಒಂದು ಆಟವನ್ನು ರೆಕಾರ್ಡ್ ಮಾಡಿದ್ದೆವು. ಅದರಲ್ಲಿ ಹಾರ್ಮೋನಿಯಂ ನುಡಿಸಿದ್ದ ಹಿರಿಯರು ಆರು ತಿಂಗಳಲ್ಲಿ ತೀರಿಕೊಂಡರು. ಅವರ ಮನೆಯ ಅಜ್ಜಿ ಆಟ ನೋಡಬೇಕೆಂದು ಕೇಳಿದರು. ಅವರ ಮನೆಯಲ್ಲಿರುವುದು ಹಳೆಯ ಡಬ್ಬಾ ಟಿವಿ, ಪಕ್ಕದಲ್ಲಿ ಡಿವಿಡಿ ಪ್ಲೇಯರ್. ಫೈಲನ್ನು ಡಿಸ್ಕಿಗೆ ಕಾಪಿ ಮಾಡಿ ಕೊಟ್ಟು ಬಂದೆವು. ಮರುದಿನ ಮೊಮ್ಮಗನಿಂದ ಫೋನ್ ಹಚ್ಚಿಸಿದರು: "ತಮ್ಮಾ, ಪ್ಲೇಟ್ ತಿರಗತೈತಿ, ನಮ್ಮ ಯಜಮಾನ್ರು ಕಾಣವಲ್ರಲ್ಲೋ."

ತಪ್ಪು ನಮ್ಮದೇ. ಫೋನಿನ ಎಂಪಿ4 ಫೈಲನ್ನು ಹಾಗೇ ಡಿಸ್ಕಿಗೆ ಹಾಕಿದರೆ ಕಂಪ್ಯೂಟರ್ ಓದುತ್ತದೆ, ಹಳೆಯ ಪ್ಲೇಯರ್ ಓದುವುದಿಲ್ಲ. ಅದಕ್ಕೆ ಬೇಕಾದದ್ದು ಎಂಪೆಗ್-2 ಎಂಬ ರೂಪ. ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ 720×576 ಅಳತೆ, ಸೆಕೆಂಡಿಗೆ 25 ಚಿತ್ರ. ಇದು ಮನೆಯಲ್ಲೇ ಆಗುವ ಕೆಲಸ. ಡಿವಿಡಿ ಸ್ಟೈಲರ್ ಎಂಬ ಉಚಿತ ತಂತ್ರಾಂಶದಲ್ಲಿ ಪಾಲ್ ಆರಿಸಿ ವಿಡಿಯೊ ಸೇರಿಸಿದರೆ, ರೂಪ ಬದಲಿಸಿ ಡಿಸ್ಕಿಗೆ ಬರೆಯುವವರೆಗೆ ಎಲ್ಲವನ್ನೂ ಅದೇ ಮಾಡುತ್ತದೆ. ಈಗಿನ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ. ಯುಎಸ್‌ಬಿಗೆ ಸಿಕ್ಕಿಸುವ ರೈಟರ್ ಬೇಕು.

ನಾವು ಕಲಿತ ಇನ್ನೆರಡು ಮಾತು. ಡಿವಿಡಿಗೆ ಲೆಕ್ಕ ಫೈಲಿನ ಜಿಬಿಯದ್ದಲ್ಲ, ಗಂಟೆಯದ್ದು. 4.7 ಜಿಬಿಯ ಡಿಸ್ಕಿನಲ್ಲಿ ಎರಡು ಗಂಟೆ ಚೆನ್ನಾಗಿ ಕೂರುತ್ತದೆ. ಇಡೀ ರಾತ್ರಿಯ ಆಟವನ್ನು ಒಂದರಲ್ಲೇ ತುರುಕಿದರೆ ಮುಖಗಳೆಲ್ಲ ಚೌಕ ಚೌಕ ಒಡೆಯುತ್ತವೆ. ಮೂರು ಡಿಸ್ಕ್ ಮಾಡಿ. ಎರಡನೆಯದು, ಬರೆಯುವಾಗ ಅವಸರ ಬೇಡ, 4ಎಕ್ಸ್ ಅಥವಾ 8ಎಕ್ಸ್ ವೇಗ ಸಾಕು. ಆಮೇಲೆ ಕಂಪ್ಯೂಟರಿನಲ್ಲಲ್ಲ, ಅವರ ಮನೆಯ ಪ್ಲೇಯರಿನಲ್ಲೇ ಹಾಕಿ ನೋಡಿ ಎದ್ದು ಬನ್ನಿ.

"ಈ ಕಾಲದಲ್ಲಿ ಡಿವಿಡಿಯೇ?" ಎಂದು ಗೆಳೆಯರು ನಗುತ್ತಾರೆ. ಪೆನ್‌ಡ್ರೈವ್ ಹಾಕುವ ಟಿವಿ ಇದ್ದ ಮನೆಗೆ ಡಿಸ್ಕ್ ಬೇಕಿಲ್ಲ, ಒಪ್ಪುತ್ತೇವೆ. ಆದರೆ ಊರಿನಲ್ಲಿ ಹಾಡಿದವರು, ಕುಣಿದವರು, ಹೆಚ್ಚಿನವರು ವಯಸ್ಸಾದವರು. ಅವರ ಆಟ ನಮ್ಮ ಫೋನಿನಲ್ಲಿದೆ. ನೋಡಬೇಕೆಂದರೆ ಮೊಮ್ಮಗನ ಬಿಡುವಿಗೆ ಕಾಯಬೇಕು, ಡೇಟಾ ಮುಗಿದಿದೆಯೇ ಎಂದು ಕೇಳಬೇಕು. ಅವರದ್ದನ್ನೇ ನೋಡಲು ಅವರು ಯಾಕೆ ಬೇಡಬೇಕು? ರೆಕಾರ್ಡ್ ಮಾಡಿದವರ ಕೆಲಸ ಸ್ಟೇಟಸ್ ಹಾಕುವುದಕ್ಕೆ ಮುಗಿಯುವುದಿಲ್ಲ. ಅವರ ಕೈಗೆ ಅವರೇ ನೋಡುವ ಹಾಗೆ ಕೊಟ್ಟಾಗ ಮುಗಿಯುತ್ತದೆ.

ಹಾಗೆಂದು ಡಿಸ್ಕನ್ನೇ ನಂಬಿ ಫೋನಿನಲ್ಲಿದ್ದದ್ದನ್ನು ಅಳಿಸಬೇಡಿ. ಡಿವಿಡಿಯಲ್ಲಿ ಚಿತ್ರದ ಸ್ಪಷ್ಟತೆ ಇಳಿಯುತ್ತದೆ. ಬಿಸಿಲು, ಗೀರು ತಾಕಿದರೆ ಡಿಸ್ಕೂ ಕೆಡುತ್ತದೆ. ವಾಟ್ಸಾಪಿನಲ್ಲಿ ವಿಡಿಯೊ ಕಳಿಸಿದರೆ ಅದೂ ಕುಗ್ಗಿಸುತ್ತದೆ. ಮೂಲ ಫೈಲನ್ನು ಕೇಬಲ್ ಹಾಕಿ ತೆಗೆದು ಹಾರ್ಡ್‌ಡಿಸ್ಕಿನಲ್ಲಿ ಇನ್ನೊಂದು ಪ್ರತಿ ಇಡಿ. ಮದುವೆ ವಿಡಿಯೊಕ್ಕೆ ದುಡ್ಡು ಕೊಡುವಾಗ ಸ್ಟುಡಿಯೋದವರಿಂದ ಡಿವಿಡಿಯ ಜೊತೆ ಮೂಲ ಫೈಲನ್ನೂ ಕೇಳಿ ಪಡೆಯಿರಿ.

ಅಜ್ಜಿಗೆ ಎರಡನೆಯ ಸಲ ಸರಿಯಾಗಿ ಮಾಡಿ ಕೊಟ್ಟೆವು. ರಿಮೋಟಿನ ಒಂದೇ ಗುಂಡಿ ತೋರಿಸಿದೆವು. ಈಗ ಅವರು ಯಾರನ್ನೂ ಕರೆಯುವುದಿಲ್ಲ, ಬೇಕಾದಾಗ ತಾವೇ ಹಾಕಿಕೊಳ್ಳುತ್ತಾರೆ. ನಿಮ್ಮ ಫೋನಿನಲ್ಲೂ ಯಾರದೋ ಮನೆಯ ಹಿರಿಯರಿದ್ದಾರು. ಫೋನ್ ನೀರಿಗೆ ಬೀಳುವ ಮೊದಲು ಒಮ್ಮೆ ಹುಡುಕಿ ನೋಡಿ.